ಎಂಟು ಸಲಾಕೆಗಳಲ್ಲಿ ಎರಡು

ಬೇವೂರಿನ ಸಂಗಯ್ಯ ಗಣಾಚಾರಿ ಲೋಹಶಾಸ್ತ್ರದ ಡಿಗ್ರಿ ಮುಗಿಸಿ ೧೯೭೮ರಲ್ಲಿ ಬಾಗಲಕೋಟೆಯ ಹೊಳಬಸಪ್ಪನವರ ಎರಕದ ಕಾರಖಾನೆಗೆ ಸೇರಿದಾಗ ಅವನಿಗೆ ಇಪ್ಪತ್ತಾರು ವರ್ಷ. ಸ್ಟೇಶನ್ನಿನ ಆಚೆಗಿದ್ದ ಆ ತಗಡಿನ ಶೆಡ್ಡಿನಲ್ಲಿ ಅದುವರೆಗೆ ಪಂಪಿನ ಭಾಗಗಳನ್ನೂ ಕಬ್ಬಿನ ಗಾಣದ ಹಲ್ಲುಗಾಲಿಗಳನ್ನೂ ಬೀಡುಕಬ್ಬಿಣದಲ್ಲಿ ಎರೆಯುತ್ತಿದ್ದರು. ಡಿಗ್ರಿ ಓದಿದವನೊಬ್ಬ ಅಲ್ಲಿಗೆ ಬಂದದ್ದು ಅದೇ ಮೊದಲು. ಹೊಳಬಸಪ್ಪನವರು ಅವನಿಗೆ ಒಂದು ಟೇಬಲ್ಲು, ಒಂದು ಬೀರು ಕೊಟ್ಟು, ಬಾಗಿಲಿಗೆ ಹಸಿರು ಪರದೆ ಹಾಕಿಸಿ, ಬಂದವರಿಗೆಲ್ಲ "ನಮ್ಮ ಇಂಜಿನಿಯರ್ ಸಾಹೇಬ್ರು" ಎಂದು ತೋರಿಸುತ್ತಿದ್ದರು.

ಎರಕ ಹೊಯ್ಯುವವನು ಖಾಸಿಂಸಾಬ. ಐವತ್ತರ ಆಸುಪಾಸಿನ ಮನುಷ್ಯ. ಓದು ಬಾರದು, ಆದರೆ ಮೂಸೆಯಲ್ಲಿ ಕುದಿಯುವ ಕಬ್ಬಿಣದ ಬಣ್ಣ ನೋಡಿ "ಇನ್ನೊಂದೀಟು ಕಾಯ್ಲಿ" ಎಂದನೆಂದರೆ ಅದು ಕಾಯಲೇಬೇಕಿತ್ತು. ಸಂಗಯ್ಯ ಜಂಗಮರ ಮನೆಯವನೆಂದು ಅವನನ್ನು "ಅಯ್ಯಾರ" ಎನ್ನುತ್ತಿದ್ದ. ಸಂಗಯ್ಯ ಅವನನ್ನು "ಚಾಚಾ" ಎನ್ನುತ್ತಿದ್ದ. ಮಧ್ಯಾಹ್ನ ಇಬ್ಬರೂ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಸಂಗಯ್ಯನ ಹೆಂಡತಿ ಶಾರವ್ವ ಕಟ್ಟಿಕೊಟ್ಟ ಗುರೆಳ್ಳು ಚಟ್ನಿಯಲ್ಲಿ ಅರ್ಧ ಖಾಸಿಂಸಾಬನ ರೊಟ್ಟಿಯ ಮೇಲೆಯೇ ಹೋಗುತ್ತಿತ್ತು.

ಎಂಬತ್ತೊಂದರಲ್ಲಿ ಪುಣೆಯ ಒಂದು ಕಂಪನಿಯಿಂದ ಕೆಲಸ ಬಂತು. ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಯಂತ್ರದ ಎಂಜಿನ್ನಿಗೆ ಹಗುರವಾದ ಕವಚ ಬೇಕು, ಮ್ಯಾಗ್ನೀಸಿಯಂ ಮಿಶ್ರಲೋಹದಲ್ಲಿ ಎರೆದು ಕೊಡುತ್ತೀರಾ ಎಂದು ಕೇಳಿದ್ದರು. ಮ್ಯಾಗ್ನೀಸಿಯಂ ಅಲ್ಯುಮಿನಿಯಮ್ಮಿಗಿಂತಲೂ ಹಗುರ. ಆದರೆ ಕರಗಿದಾಗ ಗಾಳಿ ಸೋಕಿದರೆ ಹೊತ್ತಿಕೊಳ್ಳುತ್ತದೆ, ನೀರು ತಾಗಿದರೆ ಸಿಡಿಯುತ್ತದೆ. ಮೇಲೆ ಗಂಧಕದ ಪುಡಿ ಉದುರಿಸುತ್ತಲೇ ಹೊಯ್ಯಬೇಕು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಎರಕ ಹೊಯ್ದ ಮ್ಯಾಗ್ನೀಸಿಯಂ ಬಗ್ಗುವುದಿಲ್ಲ, ಹಪ್ಪಳದ ಹಾಗೆ ಮುರಿಯುತ್ತದೆ. ಕಂಪನಿಯವರು ಬರೆದಿದ್ದರು: ಗಟ್ಟಿಯೂ ಇರಬೇಕು, ಎಳೆದಾಗ ಮುರಿಯುವ ಮೊದಲು ನೂರಕ್ಕೆ ಐದರಷ್ಟಾದರೂ ಹಿಗ್ಗಬೇಕು.

ಸಂಗಯ್ಯನಿಗೆ ಅದು ತನ್ನ ಹೆಸರು ಹಿಡಿದು ಕರೆದಂತಾಯಿತು. ಏಳೆಂಟು ತಿಂಗಳು ಬೇರೆ ಏನನ್ನೂ ಯೋಚಿಸಲಿಲ್ಲ. ಮುರಿದ ಲೋಹದ ಒಳಮೈ ಕಲ್ಲುಸಕ್ಕರೆಯ ಹಾಗೆ ದೊಡ್ಡ ಹರಳುಹರಳಾಗಿ ಕಾಣುತ್ತಿತ್ತು. ಹರಳು ಸಣ್ಣದಾದಷ್ಟೂ ಲೋಹ ಗಟ್ಟಿ. ಕರಗಿದ ಲೋಹದೊಳಗೆ ಇಂಗಾಲ ಬಿಡುವ ಒಂದು ಗುಳಿಗೆ ಮುಳುಗಿಸಿ ನೋಡಿದ. ಹರಳು ಸಣ್ಣ ರವೆಯಷ್ಟಾಯಿತು. ಆಮೇಲೆ ಎರಕವನ್ನು ನಾನೂರಾ ಹತ್ತು ಡಿಗ್ರಿಯಲ್ಲಿ ಹದಿನೆಂಟು ತಾಸು ಕಾಯಿಸಿಟ್ಟ. ಒಳಗೆ ಗಂಟುಗಂಟಾಗಿ ಕೂತು ಲೋಹವನ್ನು ಪೆಡಸು ಮಾಡುತ್ತಿದ್ದುದೆಲ್ಲ ಕರಗಿ ಹರಡಿಕೊಂಡಿತು.

ಹೀಗೆ ಪರೀಕ್ಷೆಗೆಂದು ಮಾಡಿದ ಎಂಟು ಸಲಾಕೆಗಳನ್ನು ಚೀಲದಲ್ಲಿ ಹಾಕಿಕೊಂಡು ವಿದ್ಯಾಗಿರಿಯ ಕಾಲೇಜಿಗೆ ಹೋದ. ಅಲ್ಲಿ ಸಲಾಕೆಯನ್ನು ಎರಡೂ ತುದಿ ಹಿಡಿದು ಎಳೆದು ನೋಡುವ ಯಂತ್ರವಿತ್ತು. ಮೊದಲನೆಯದು ನೂರಕ್ಕೆ ಏಳರಷ್ಟು ಹಿಗ್ಗಿ ಮುರಿಯಿತು. ಸಂಗಯ್ಯನ ಎದೆ ಉಬ್ಬಿತು. ಎರಡನೆಯದು ಒಂದೂವರೆಗೆ ಟಪ್ಪೆಂದಿತು. ಮೂರನೆಯದು ಎರಡಕ್ಕೆ. ಎಂಟೂ ಮುಗಿಯುವಷ್ಟರಲ್ಲಿ ಏಳು ಮುಟ್ಟಿದ್ದು ಎರಡೇ. ಉಳಿದ ಆರೂ ಎರಡರೊಳಗೇ ಮುರಿದಿದ್ದವು, ಮುರಿದ ಮುಖದಲ್ಲಿ ಒಂದೊಂದು ಕಪ್ಪು ಪೊರೆಯಂಥ ಕಲೆ ಇತ್ತು.

ಎಂಟೂ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದ. ಪರದೆಯ ಹಿಂದೆ ಕೂತು ಬಹಳ ಹೊತ್ತು ನೋಡಿದ. ಆರು ಸಲಾಕೆಗಳಲ್ಲಿ ಎರಕದ ದೋಷವಿದೆ, ಅವು ನನ್ನ ಮಿಶ್ರಲೋಹದ ಗುಣ ತೋರಿಸುವುದಿಲ್ಲ, ಎರಡೇ ನಿಜವಾದವು ಅಂದುಕೊಂಡ. ಹಾಗೆ ಅಂದುಕೊಳ್ಳಲು ಕಷ್ಟವಾಗಲಿಲ್ಲ. ಪುಣೆಗೆ ಕಳಿಸಿದ ವರದಿಯಲ್ಲಿ ಆ ಎರಡನ್ನೇ ಬರೆದ. ಎಂಟರ ಹಾಳೆಯನ್ನು ಮಡಚಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟ. ಹರಿದು ಹಾಕಲು ಕೈ ಬರಲಿಲ್ಲ.

ಪುಣೆಯಿಂದ ಶಾಭಾಸ್ ಎಂದು ಪತ್ರ ಬಂತು, ಕವಚಗಳನ್ನು ಎರೆದು ಕಳಿಸುವುದೂ ಶುರುವಾಯಿತು. ಹೊಳಬಸಪ್ಪನವರು ಎಲ್ಲರಿಗೂ ಪೇಢೆ ಹಂಚಿಸಿದರು.

ಖಾಸಿಂಸಾಬನ ಮಗಳು ಜೈನಬಿ ಇಳಕಲ್ಲಿನ ಉರ್ದು ಶಾಲೆಯಲ್ಲಿ ಟೀಚರು. ಅಲ್ಲೇ ಸೋದರತ್ತೆ ಲಾಡಬಿಯ ಮನೆಯಲ್ಲಿದ್ದು, ಶನಿವಾರ ಬಸ್ಸಿಗೆ ಬಾಗಲಕೋಟೆಗೆ ಬರುತ್ತಿದ್ದಳು. ಸಣ್ಣವಳಿದ್ದಾಗ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ತೊಡೆಯಿಂದ ಬೂಟಿನವರೆಗೆ ಎರಡು ಕಬ್ಬಿಣದ ಪಟ್ಟಿ ಕಟ್ಟಿಕೊಂಡೇ ನಡೆಯಬೇಕು. ಪೇಢೆ ಹಂಚಿದ ಮರುದಿನ ಖಾಸಿಂಸಾಬ ಪರದೆ ಸರಿಸಿ ನಿಂತ.

"ಅಯ್ಯಾರ, ಒಂದು ಮಾತು ಕೇಳ್ಲೇನ್ರಿ?"

"ಬಾ ಚಾಚಾ, ಕೂಡು."

"ನಮ್ಮ ಹುಡುಗಿ ಕಾಲಿಂದು ಕಬ್ಬಿಣ ಭಾಳ ಭಾರ ಐತ್ರಿ. ಸಂಜೀಕ ಬಿಚ್ಚಿದ್ರ ತೊಡಿಯೆಲ್ಲಾ ಕೆಂಪಗ ಆಗಿರ್ತೈತಿ. ಈ ಹಗೂರ ಲೋಹದಾಗ ಪಟ್ಟಿ ಎರದ್ರ ನಡೀತೈತೇನ್ರಿ?"

ಸಂಗಯ್ಯ ಒಂದು ಕ್ಷಣ ತಡೆದ. ಆ ಕ್ಷಣ ಅವನಿಗೆ ಮುಂದೆ ಎಷ್ಟೋ ಸಲ ನೆನಪಾಯಿತು. ಹಿಂದಿನ ದಿನದ ಪೇಢೆಯ ಸಿಹಿ ಬಾಯಲ್ಲಿನ್ನೂ ಇದ್ದಂತಿತ್ತು. ಎದುರಿಗೆ ನಿಂತವನ ಮುಖದಲ್ಲಿ ತನ್ನ ಓದಿನ ಮೇಲಿನ ನಂಬಿಕೆ ಕಾಣುತ್ತಿತ್ತು.

"ಯಾಕ ನಡಿಯೂದಿಲ್ಲ? ಮಾಡೂಣು," ಎಂದ.

ಭಾನುವಾರ ಜೈನಬಿ ಅಳತೆ ಕೊಡಲು ಬಂದಳು. ಇಪ್ಪತ್ತನಾಲ್ಕರ ತೆಳ್ಳನೆಯ ಹುಡುಗಿ. ನೇರವಾಗಿ ನೋಡಿ ಮಾತಾಡುವವಳು. ಸಲಾಕೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ ನಕ್ಕಳು. "ಇದು ಗೊಂಬಿ ಸಾಮಾನ ಇದ್ದಂಗ ಐತಿ. ಮುರಿತೈತೇನ್ರಿ ಸರ್?"

"ಇಲ್ರಿ ಟೀಚರ್. ಮುರಿಯೂಕಿಂತ ಮೊದಲ ಬಗ್ಗತೈತಿ. ಅದಕ್ಕ ಹಿಗ್ಗೂ ಗುಣ ಅಂತಾರ. ಬಗ್ಗಿದ್ದು ಕಣ್ಣಿಗೆ ಕಾಣ್ತೈತಿ. ಕಂಡ ಕೂಡ್ಲೆ ಬಿಚ್ಚಿ ಕಳಿಸ್ರಿ, ಬ್ಯಾರೆ ಹಾಕಿ ಕೊಡ್ತೀವಿ."

"ಅಂದ್ರ ಮೊದಲ ಸುಳಿವು ಕೊಡ್ತೈತಿ."

"ಹೌದ್ರಿ, ಖಂಡಿತ ಕೊಡ್ತೈತಿ."

ಖಾಸಿಂಸಾಬ ಆ ಪಟ್ಟಿಗಳನ್ನು ಎರೆದ ದಿನ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಉಸುಕಿನ ಅಚ್ಚನ್ನು ಮೂರು ಸಲ ಮುಟ್ಟಿ ನೋಡಿ, ಬಿಸ್ಮಿಲ್ಲಾ ಎಂದು ಮೂಸೆ ಎತ್ತಿ ಹೊಯ್ದ. ಉಕ್ಕಿನ ಕೀಲು ಕೂಡಿಸಿ, ಚರ್ಮದ ಪಟ್ಟಿ ಹೊಲಿಸಿ ಕಟ್ಟಿದಾಗ ಹಳೆಯದರ ಅರ್ಧದಷ್ಟೂ ತೂಕವಿರಲಿಲ್ಲ.

ಐದು ತಿಂಗಳು ಜೈನಬಿ ಹಾರಿಕೊಂಡು ತಿರುಗಿದಳು. ಶಾಲೆಯ ಮಕ್ಕಳ ಜೊತೆ ಬಾದಾಮಿಗೆ ಹೋಗಿ ಮೇಲಿನ ಗುಹೆಯವರೆಗೂ ಮೆಟ್ಟಿಲು ಹತ್ತಿದ್ದನ್ನು ಖಾಸಿಂಸಾಬ ಕಾರಖಾನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೇಳಿದ. ಹೇಳಿದಾಗಲೆಲ್ಲ "ನಮ್ಮ ಅಯ್ಯಾರ ಪುಣ್ಯಾ" ಎಂದು ಸೇರಿಸುತ್ತಿದ್ದ. ಸಂಗಯ್ಯನಿಗೆ ಆ ಮಾತು ಕೇಳಿದಾಗ ಬೀರುವಿನ ಕೆಳಗಿನ ಖಾನೆ ನೆನಪಾಗುತ್ತಿತ್ತು. ಆದರೂ ತಡೆಯುತ್ತಿರಲಿಲ್ಲ. ಏನೂ ಆಗಿಲ್ಲವಲ್ಲ, ಬಹುಶಃ ಆ ಪಟ್ಟಿ ಒಳ್ಳೆಯ ಎರಡರ ಜಾತಿಯದೇ ಇರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದ.

ಎಂಬತ್ತೆರಡರ ಜುಲೈಯಲ್ಲಿ, ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಹುನಗುಂದದ ಬಸ್ಸಿನಿಂದ ಇಳಿಯುವಾಗ, ಪಟ್ಟಿ ಮುರಿಯಿತು. ಬಗ್ಗಲಿಲ್ಲ, ಸುಳಿವು ಕೊಡಲಿಲ್ಲ. ಎಡಗಾಲು ನೆಲಕ್ಕೆ ಊರಿದ ಕೂಡಲೇ ಟಪ್ಪೆಂದಿತು. ಜೈನಬಿ ಬಲಗೈ ಮೇಲೆ ಬಿದ್ದಳು. ಮೊಣಕೈಯ ಎಲುಬು ಎರಡು ಕಡೆ ಮುರಿಯಿತು.

ಎರಡು ದಿನದ ಮೇಲೆ ಖಾಸಿಂಸಾಬ ಮುರಿದ ತುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ. ಟೇಬಲ್ಲಿನ ಮೇಲೆ ಬಿಚ್ಚಿಟ್ಟ. ಮುರಿದ ಮುಖದ ಅರ್ಧಕ್ಕೆ ಕಪ್ಪು ಪೊರೆ ಹರಡಿತ್ತು. ಸಂಗಯ್ಯನಿಗೆ ಹತ್ತಿರ ಹಿಡಿದು ನೋಡುವ ಅಗತ್ಯವೇ ಇರಲಿಲ್ಲ. ಅಂಥವನ್ನು ಆರು ನೋಡಿದ್ದ.

"ನನ್ನ ಕೈ ತಪ್ಪೈತ್ರಿ ಅಯ್ಯಾರ," ಎಂದ ಖಾಸಿಂಸಾಬ. "ನಿಮ್ಮ ಲೋಹದಾಗ ದೋಷ ಇಲ್ಲ. ನೀವು ಎಳದು ನೋಡೀರಿ, ಕಾಗದದಾಗ ಬರದೀರಿ. ನಾ ಸುರಿಯೂದ್ರಾಗ ಏನೋ ಕೆಡಿಸೇನಿ. ನನ್ನ ಮಗಳಿಗೆ ನಾನ..."

ಇಲ್ಲ ಚಾಚಾ, ತಪ್ಪು ನಂದು ಅನ್ನಬೇಕು. ಬಾಯಿ ತೆರೆದದ್ದೂ ಅದಕ್ಕೇ. ಹೊರಗೆ ಬಂದದ್ದು ಮಾತ್ರ ಬೇರೆ.

"ಎರಕದಾಗ ಒಮ್ಮೊಮ್ಮೆ ಹಂಗಾಗ್ತೈತಿ, ಚಾಚಾ."

ಅಷ್ಟೇ. ಸಮಾಧಾನದ ದನಿಯಲ್ಲಿ ಹೇಳಿದ. ಹೇಳಿದ ಮೇಲೆ ತನ್ನ ದನಿ ತನಗೇ ಹೇಸಿಗೆಯಾಯಿತು.

ವಿಷಯ ಹೊಳಬಸಪ್ಪನವರಿಗೆ ಮುಟ್ಟಿತು. ಅವರು ಪರದೆಯೊಳಗೆ ಬಂದು, "ಏನ್ರಿ ಇದು, ಪುಣೇದವರಿಗೆ ಗೊತ್ತಾದ್ರ? ಲೋಹದ ದೋಷನೋ, ಸುರಿದದ್ದರ ದೋಷನೋ?" ಎಂದು ಕೇಳಿದರು. "ಸುರಿಯೂದ್ರಾಗ ಆಗೇತ್ರಿ," ಎಂದ ಸಂಗಯ್ಯ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಹೊಳಬಸಪ್ಪನವರು ಹೊರಗೆ ಹೋಗಿ, ಹನ್ನೆರಡು ಜನ ಆಳುಗಳ ಎದುರಿಗೆ ಖಾಸಿಂಸಾಬನನ್ನು ಬೈದರು. ಮೂವತ್ತು ವರ್ಷ ಕೆಲಸ ಮಾಡಿದವನು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡ. ಪರದೆಯ ಈಚೆಗೆ ಸಂಗಯ್ಯ ಪೆನ್ಸಿಲ್ಲು ಕೆತ್ತುತ್ತ ಕೂತಿದ್ದ.

ಅಂದಿನಿಂದ ಖಾಸಿಂಸಾಬ ಬೇವಿನ ಗಿಡದ ಕೆಳಗೆ ಬರುವುದನ್ನು ಬಿಟ್ಟ. ಮುನಿಸಿನಿಂದಲ್ಲ, ನಾಚಿಕೆಯಿಂದ. ಸಂಗಯ್ಯ ಈಗ ಒಬ್ಬನೇ ಬುತ್ತಿ ಬಿಚ್ಚುತ್ತಿದ್ದ. ನನ್ನ ನಾಚಿಕೆಯನ್ನು ಅವನು ಹೊತ್ತುಕೊಂಡು ತಿರುಗುತ್ತಿದ್ದಾನೆ ಅನ್ನಿಸುತ್ತಿತ್ತು. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅಂಗೈಯಲ್ಲಿನ ಲಿಂಗವನ್ನು ದೃಷ್ಟಿಯಿಟ್ಟು ನೋಡಲಾಗದೆ ಕಣ್ಣು ಮುಚ್ಚಿಬಿಡುತ್ತಿದ್ದ. "ಯಾಕ್ರಿ, ಭಕ್ತಿ ಹೆಚ್ಚಾತೇನು?" ಎಂದು ಶಾರವ್ವ ನಕ್ಕಳು. ಅವಳಿಗೂ ಹೇಳಲಿಲ್ಲ.

ಒಮ್ಮೆ ಜೈನಬಿಯನ್ನು ನೋಡಲು ಇಳಕಲ್ಲಿನ ದವಾಖಾನೆಗೆ ಹೋದ. ಮೋಸಂಬಿ ಒಯ್ದಿದ್ದ. ಅವಳ ಬಲಗೈಗೆ ದಪ್ಪನೆಯ ಪ್ಲಾಸ್ಟರು ಹಾಕಿದ್ದರು. ಮೊಣಕೈ ಇನ್ನು ಪೂರ್ತಿ ನೇರವಾಗುವುದಿಲ್ಲವೆಂದು ಡಾಕ್ಟರು ಹೇಳಿದ್ದರಂತೆ.

"ಸರ್, ನಮ್ಮ ಅಬ್ಬಾಗ ನೀವ ಸ್ವಲ್ಪ ಹೇಳ್ರಿ," ಎಂದಳು ಅವಳು. "ಊಟಾ ಸರಿ ಮಾಡವಲ್ರು. ತಮ್ಮ ಕೈ ನೋಡ್ಕೋತ ಕುಂದರ್ತಾರ. ನಿಮ್ಮ ಮಾತು ಕೇಳ್ತಾರ."

"ಹೇಳ್ತೇನ್ರಿ," ಎಂದ ಸಂಗಯ್ಯ. ಮೋಸಂಬಿ ಚೀಲವನ್ನು ಮಂಚದ ಕೆಳಗಿಟ್ಟು ಎದ್ದುಬಂದ. ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ.

ಖಾಸಿಂಸಾಬ ಊಟ ಬಿಟ್ಟನೇ ಹೊರತು ಕೆಲಸ ಬಿಡಲಿಲ್ಲ. ಕೆಡಿಸಿದ್ದು ತನ್ನ ಕೈ ಎಂದು ನಂಬಿದ್ದರಿಂದ, ಎಲ್ಲಿ ಕೆಡಿಸಿತೆಂದು ಹುಡುಕತೊಡಗಿದ. ಮುರಿದ ತುಂಡನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಚಹಾದ ಬಸಿ ಹಿಡಿದುಕೊಂಡೇ ಸಂಗಯ್ಯನ ಹತ್ತಿರ ಬಂದ. ಬಸಿಯಲ್ಲಿ ಹಾಲಿನ ಕೆನೆ ಮಡಚಿಕೊಂಡು ತೇಲುತ್ತಿತ್ತು.

"ಅಯ್ಯಾರ, ಈ ಲೋಹದ ಮ್ಯಾಲೂ ಹಿಂಗ ಕೆನಿ ಕಟ್ಟತೈತಿ. ನಾ ಎತ್ತರದಿಂದ ಸುರಿತೇನಿ. ಕೆನಿ ಹರದು ಮಡಚಿ ಒಳಗ ಹೋಗಿ ಕುಂದರತೈತಿ. ಆ ಕರೇ ಪೊರಿ ಅದನ್ರಿ. ಎಲ್ಲಿ ಮಡಿಕಿ ಐತಿ, ಅಲ್ಲೇ ಮುರಿತೈತಿ."

ಸಂಗಯ್ಯ ಬೆರಗಾದ. ಹರಳು, ಕಾವು, ಗುಳಿಗೆ ಎಂದು ಎಂಟು ತಿಂಗಳು ಒದ್ದಾಡಿದವನು ಆ ಪೊರೆ ಏನೆಂದು ಕೇಳಿಕೊಂಡಿರಲೇ ಇಲ್ಲ. ಕೇಳಿಕೊಂಡರೆ ಆರು ಸಲಾಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತಿತ್ತು.

ಖಾಸಿಂಸಾಬ ಹೊಯ್ಯುವ ರೀತಿಯನ್ನೇ ಬದಲಿಸಿದ. ಅಚ್ಚಿನ ತಳದಿಂದ ಲೋಹ ಮೆಲ್ಲಗೆ ಮೇಲೇರುವಂತೆ ದಾರಿ ಮಾಡಿದ. ಮೂಸೆಯ ತುಟಿಯನ್ನು ಅಚ್ಚಿನ ಬಾಯಿಗೆ ತಾಗಿಸಿ, ಅಚ್ಚನ್ನೇ ಓರೆ ಹಿಡಿದು, ಸದ್ದಾಗದಂತೆ ಇಳಿಸಿದ. ದಾರಿಯಲ್ಲಿ ಸಣ್ಣ ಕಣ್ಣಿನ ಉಕ್ಕಿನ ಜಾಳಿಗೆ ಇಟ್ಟು ಕೆನೆ ತಡೆದ. ಗುಳಿಗೆ ಮತ್ತು ಕಾಯಿಸುವ ಹದ ಸಂಗಯ್ಯನವೇ ಇದ್ದವು. ಹೀಗೆ ಎರೆದ ಎಂಟು ಹೊಸ ಸಲಾಕೆಗಳನ್ನು ಸಂಗಯ್ಯ ವಿದ್ಯಾಗಿರಿಗೆ ಒಯ್ದ.

ಆರೂವರೆ, ಎಂಟು, ಏಳು, ಒಂಬತ್ತು. ಒಂದೂ ಆರಕ್ಕಿಂತ ಕೆಳಗಿಳಿಯಲಿಲ್ಲ. ಗಟ್ಟಿತನವೂ ಮೊದಲಿನದಕ್ಕಿಂತ ಹೆಚ್ಚಿತ್ತು. ಯಂತ್ರ ನಡೆಸುವ ನೀಲಪ್ಪ ಕೈ ಕುಲುಕಿದ. ಸಂಗಯ್ಯ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಅಂದೇ ಆ ಆರು ಮುರಿದ ಸಲಾಕೆಗಳನ್ನು ಚಾಚಾನ ಮುಂದೆ ಇಟ್ಟು, ಇವು ಯಾಕೆ ಹೀಗೆ ಮುರಿದವು ಎಂದು ಒಂದು ಮಾತು ಕೇಳಿದ್ದರೆ, ಈ ಕೆನೆಯ ವಿಷಯ ಅವನು ಅಂದೇ ಹೇಳುತ್ತಿದ್ದ. ಆ ಹುಡುಗಿ ಬಸ್ಸಿನಿಂದ ಇಳಿದು ಶಾಲೆಗೆ ನಡೆದು ಹೋಗುತ್ತಿದ್ದಳು.

ಆದರೂ ಮತ್ತೆ ಎರಡು ವಾರ ಸುಮ್ಮನಿದ್ದ. ಹೊಳಬಸಪ್ಪನವರು ಪುಣೆಗೆ ಕಳಿಸಲು ಹೊಸ ವರದಿ ಬರೆಯಿರಿ ಅಂದರು. "ಖಾಸಿಂಸಾಬನ ತಪ್ಪು ತಿದ್ದಿ, ಸುರಿಯೂ ಪದ್ಧತಿ ನೀವ ಸುಧಾರಿಸಿದ್ದು ಅಂತ ಬರೀರಿ," ಎಂದರು. ಸಂಗಯ್ಯ ಪೆನ್ನು ಹಿಡಿದ. ಖಾಸಿಂಸಾಬನ ತಪ್ಪು ಎಂದು ಬರೆದ ಮೊದಲ ಸಾಲನ್ನೇ ಹೊಡೆದುಹಾಕಿದ. ಪೆನ್ನು ಇಟ್ಟು, ಬೀರುವಿನ ಕೆಳಗಿನ ಖಾನೆಯಿಂದ ಹಳೆಯ ಹಾಳೆ ತೆಗೆದುಕೊಂಡು ಖಾಸಿಂಸಾಬನ ಮನೆಗೆ ನಡೆದ.

ಅಂದು ಭಾನುವಾರ. ಜೈನಬಿ ಬಂದಿದ್ದಳು. ಮತ್ತೆ ಹಳೆಯ ಕಬ್ಬಿಣವನ್ನೇ ಕಟ್ಟಿಕೊಂಡಿದ್ದಳು. ಬಲಗೈ ಮಡಚಿದಂತೆಯೇ ನಿಂತಿತ್ತು. ಖಾಸಿಂಸಾಬ ಗಡಬಡಿಸಿ ಚಾಪೆ ಹಾಸಿದ. ಸಂಗಯ್ಯ ಕೂಡಲಿಲ್ಲ. ಹಾಳೆಯನ್ನು ಮುಂದೆ ಹಿಡಿದ.

"ಟೀಚರ್, ಇದನ್ನ ನಿಮ್ಮ ಅಬ್ಬಾಗ ಓದಿ ಹೇಳ್ರಿ. ಪಟ್ಟಿ ಎರಿಯೂಕಿಂತ ಮೊದಲ ನಾ ಎಳಿಸಿ ನೋಡಿದ್ದು."

ಅವಳು ಎಡಗೈಯಿಂದ ತೆಗೆದುಕೊಂಡು ಓದಿದಳು. "ಏಳು. ಒಂದೂವರಿ. ಎರಡು. ಒಂದು..." ಎಂಟನ್ನೂ ಓದಿದಳು. ತಾರೀಖನ್ನೂ ಓದಿದಳು. ಆಮೇಲೆ ಮತ್ತೊಮ್ಮೆ ಮೊದಲಿನಿಂದ ಓದಿದಳು, ಈ ಸಲ ಸದ್ದಿಲ್ಲದೆ.

"ಹಿಗ್ಗಿದ್ದು ಎರಡ. ಆರು ಮುರದಾವು," ಎಂದ ಸಂಗಯ್ಯ. "ವರದಿಯೊಳಗ ನಾ ಎರಡ ಬರದೆ. ನನಗ ಗೊತ್ತಿತ್ತು, ಚಾಚಾ. ನೀ ಪಟ್ಟಿ ಕೇಳಿದಾಗ್ಲೂ ಗೊತ್ತಿತ್ತು. ಮುರದು ತಂದಾಗ್ಲೂ ಗೊತ್ತಿತ್ತು. ನಿನ್ನ ಕೈ ತಪ್ಪಲ್ಲ."

ಮೊದಲು ಮಾತಾಡಿದವಳು ಜೈನಬಿ.

"ಎಂಟು ಮಕ್ಕಳೊಳಗ ಆರು ಫೇಲ್ ಆಗಿ ಇಬ್ಬರು ಪಾಸ್ ಆದ್ರ, ಸಾಲ್ಯಾಗ ನಾವು ವರ್ಗ ಪಾಸ್ ಅಂತ ಬರಿಯೂದಿಲ್ರಿ ಸರ್."

ಸಂಗಯ್ಯನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಮಾಫ್ ಮಾಡ್ರಿ ಅಂತ ಕೇಳಾಕೂ ಮಾರಿ ಇಲ್ಲ," ಎಂದ.

ಖಾಸಿಂಸಾಬ ತನ್ನ ಎರಡೂ ಕೈಗಳನ್ನು ಮೊಣಕಾಲ ಮೇಲೆ ಮಗುಚಿಟ್ಟು ನೋಡುತ್ತಿದ್ದ. "ನಾ ಆರು ತಿಂಗಳು ಈ ಕೈಲೆ ಉಣ್ಣಾಕ ಹೇಸಿದ್ನಿ ಅಯ್ಯಾರ," ಎಂದ. ದನಿ ಏರಲಿಲ್ಲ. "ಮಾಫಿ ಮಾತು ಆಮ್ಯಾಲೆ. ಧಣ್ಯಾರು ನನ್ನ ಬೈದದ್ದು ಎಲ್ಲಾರ ಮುಂದ. ನೀವು ಇದನ್ನ ಹೇಳೂದು ಎಲ್ಲಾರ ಮುಂದ ಆಗ್ಲಿ."

ಸೋಮವಾರ ಬೆಳಿಗ್ಗೆ ಭಟ್ಟಿ ಹೊತ್ತಿಸುವ ಮೊದಲು ಸಂಗಯ್ಯ ಹನ್ನೆರಡೂ ಜನ ಆಳುಗಳನ್ನೂ ಹೊಳಬಸಪ್ಪನವರನ್ನೂ ಶೆಡ್ಡಿನ ನಡುವೆ ನಿಲ್ಲಿಸಿ ಹೇಳಿದ. ಮಾತು ತೊದಲಿತು, ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಹೊಳಬಸಪ್ಪನವರ ಮುಖ ಕೆಂಪಾಯಿತು. "ಓದಿದವರು ಅಂತ ಪರದೆ ಹಾಕ್ಸಿ ಕೂಡ್ಸಿದ್ನಿ," ಎಂದು ಅಷ್ಟೇ ಅಂದು ಹೊರಟುಹೋದರು. ಯಾರೋ ಒಬ್ಬ ಆಳು ಉಗುಳಿದ. ಸಂಗಯ್ಯ ಅಂದೇ ಪುಣೆಗೂ ಎಂಟೂ ಅಂಕಿಗಳನ್ನು ಬರೆದು ಪತ್ರ ಹಾಕಿದ. ಮೊದಲು ಕಳಿಸಿದ ಕವಚಗಳನ್ನು ಬಳಸಬೇಡಿರೆಂದೂ, ಹೊಸ ರೀತಿಯಲ್ಲಿ ಹೊಯ್ಯುವುದನ್ನು ಕಂಡುಹಿಡಿದವನು ಖಾಸಿಂಸಾಬನೆಂದೂ ಬರೆದ. ಕಂಪನಿಯವರು ಹಳೆಯವನ್ನು ತಿರುಗಿ ಕಳಿಸಿದರು. ಖುದ್ದಾಗಿ ಬಂದು, ಹೊಸ ಸಲಾಕೆಗಳನ್ನು ತಾವೇ ಆರಿಸಿಕೊಂಡು ಹೋಗಿ ಎಳೆಸಿ ನೋಡಿ, ಕೆಲಸ ಮುಂದುವರಿಸಿದರು. ಆದರೆ ಸಂಗಯ್ಯ ಒಬ್ಬನೇ ಸಹಿ ಮಾಡಿದ ವರದಿಯನ್ನು ಅವರು ಆಮೇಲೆ ಎಂದೂ ಒಪ್ಪಲಿಲ್ಲ. ಹೊಳಬಸಪ್ಪನವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಪರದೆ ಮಾತ್ರ ತೆಗೆಸಿದರು.

ಮನೆಯಲ್ಲಿ ಶಾರವ್ವನಿಗೆ ಹೇಳಿದ್ದು ಅಂದು ಸಂಜೆ. ಅವಳು ಕೇಳಿ, ಒಲೆಯ ಮುಂದಿನಿಂದ ಏಳದೆ, "ಆ ಹುಡುಗಿ ಇನ್ನ ಜಡೀ ಹೆಂಗ ಹಾಕ್ಕೋತಾಳ?" ಎಂದು ಕೇಳಿದಳು.

ಮರುವರ್ಷ ಖಾಸಿಂಸಾಬ ಮಗಳಿಗೆ ಮತ್ತೆ ಹಗುರ ಪಟ್ಟಿ ಎರೆದ. ಜೈನಬಿ ಒಂದು ಷರತ್ತು ಹಾಕಿದಳು. ಅದೇ ಲೋಹದಲ್ಲಿ ಎರೆದ ಸಲಾಕೆಗಳನ್ನು ಎಳೆಯುವುದನ್ನು ತಾನೇ ಕಣ್ಣಾರೆ ನೋಡಬೇಕು. ವಿದ್ಯಾಗಿರಿಯಲ್ಲಿ ಯಂತ್ರದ ಎದುರು ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಪಾಟಿ ಇಟ್ಟುಕೊಂಡು, ಒಂದೊಂದು ಅಂಕಿಯನ್ನೂ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದುಕೊಂಡಳು. ಸಂಗಯ್ಯ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತ ನಿಂತಿದ್ದ. ಅವಳು ಪ್ರತಿ ಸಲವೂ ನೀಲಪ್ಪನ ಕಡೆ ತಿರುಗಿ, "ಖರೇನ್ರಿ?" ಎಂದು ಕೇಳಿ ಆಮೇಲೆಯೇ ಬರೆಯುತ್ತಿದ್ದಳು. ಕೇಳಬಾರದೆಂದು ಯಾರೂ ಅನ್ನುವಂತಿರಲಿಲ್ಲ.

ಖಾಸಿಂಸಾಬ ಇನ್ನೂ ಏಳು ವರ್ಷ ಅಲ್ಲೇ ಕೆಲಸ ಮಾಡಿದ. ಇಬ್ಬರೂ ಕೂಡಿ ಆ ಲೋಹವನ್ನು ಇನ್ನಷ್ಟು ಸುಧಾರಿಸಿದರು. ಕೆಲಸದ ಮಾತಿಗೆ ಎಂದೂ ಕೊರತೆಯಾಗಲಿಲ್ಲ. ಸಂಗಯ್ಯ ಎದುರಾದರೆ ಖಾಸಿಂಸಾಬ ನಮಸ್ಕಾರ ಮಾಡುತ್ತಿದ್ದ, ಮನೆಯವರ ಆರೋಗ್ಯ ಕೇಳುತ್ತಿದ್ದ. ಆದರೆ "ಅಯ್ಯಾರ" ಎನ್ನುವುದನ್ನು ಬಿಟ್ಟಿದ್ದ. ಎಲ್ಲರಂತೆ "ಸಾಹೇಬ್ರ" ಎನ್ನುತ್ತಿದ್ದ.